ಕದ್ದಾಲಿಕೆಯ ಕಾನೂನು: 5(2)ನೇ ಕಲಮನ್ನು ಓದುವ ಬಗೆ

ಚಿಕ್ಕಮಗಳೂರಿನಲ್ಲಿ ನನ್ನೊಡನೆ ಕಾನೂನು ಓದುತ್ತಿರುವವರಿಗಾಗಿ ಈ ಟಿಪ್ಪಣಿ. ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ 2017ರ ಪುಟ್ಟಸ್ವಾಮಿ ತೀರ್ಪು ಹೇಳಿದ್ದು ಎಲ್ಲರಿಗೂ ಗೊತ್ತಿರುವುದರಿಂದ ಅದನ್ನು ಇಲ್ಲಿ ವಿವರಿಸುವುದಿಲ್ಲ.

ತೊಡಕಿರುವುದು, ಫೋನ್ ಕದ್ದಾಲಿಕೆಗೆ 2024ರವರೆಗೆ ಆಧಾರವಾಗಿದ್ದ 1885ರ ಟೆಲಿಗ್ರಾಫ್ ಕಾಯ್ದೆಯ 5(2)ನೇ ಕಲಮಿನಲ್ಲಿ. ಒಂದೇ ಉಸಿರಿಗೆ ಓದಿದರೆ ದೇಶದ ಭದ್ರತೆಗಾಗಿ ಫೋನ್ ಕದ್ದಾಲಿಸಬಹುದು ಎಂಬಷ್ಟೇ ತಲೆಯಲ್ಲಿ ಉಳಿಯುತ್ತದೆ. ಆದರೆ ಅಲ್ಲಿರುವುದು ಒಂದರ ಹಿಂದೆ ಒಂದರಂತೆ ಎರಡು ಷರತ್ತುಗಳು. ಮೊದಲಿಗೆ ಸಾರ್ವಜನಿಕ ತುರ್ತು ಸ್ಥಿತಿ ಇರಬೇಕು, ಇಲ್ಲವೇ ಸಾರ್ವಜನಿಕ ಸುರಕ್ಷತೆಗೆ ಆ ಕ್ರಮ ಬೇಕಾಗಿರಬೇಕು. ಅದಾದ ಮೇಲಷ್ಟೇ ಸಾರ್ವಭೌಮತೆ ಮತ್ತು ಅಖಂಡತೆ, ಪ್ರಭುತ್ವದ ಭದ್ರತೆ, ವಿದೇಶಗಳೊಂದಿಗಿನ ಸ್ನೇಹ, ಸಾರ್ವಜನಿಕ ಸುವ್ಯವಸ್ಥೆ, ಅಪರಾಧಕ್ಕೆ ಪ್ರಚೋದನೆಯ ತಡೆ ಎಂಬ ಐದು ಕಾರಣಗಳ ಸರದಿ. ತೋಟದ ಉಣುಗೋಲು ದಾಟದವರು ಮನೆಯ ಬಾಗಿಲು ತಟ್ಟಲಾರರು. ಭದ್ರತೆಯೆಂಬ ಮಾತು ಇರುವುದು ಬಾಗಿಲಿನ ಬಳಿ, ಅಂದರೆ ಎರಡನೇ ಷರತ್ತಿನಲ್ಲಿ.

ಮೊದಲ ಷರತ್ತು ಗುಟ್ಟಿನ ಸಂಗತಿಯಲ್ಲ, ವಿವೇಕವುಳ್ಳ ಯಾರಿಗಾದರೂ ಅದು ಕಾಣುವಂತಿರಬೇಕು ಎಂದು ನಾಗರಿಕ ಹಕ್ಕುಗಳ ಸಂಘಟನೆಯಾದ ಪಿಯುಸಿಎಲ್ ಹೂಡಿದ್ದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರ ಡಿಸೆಂಬರ್‌ನಲ್ಲಿ ಹೇಳಿತು. ಇದನ್ನೇ ಹಿಡಿದು 2019ರಲ್ಲಿ ವಿನೀತ್ ಕುಮಾರ್ ಪ್ರಕರಣದಲ್ಲಿ ಬಾಂಬೆ ಹೈಕೋರ್ಟ್, ಲಂಚದ ತನಿಖೆಗಾಗಿ ಹೊರಡಿಸಿದ್ದ ಕದ್ದಾಲಿಕೆ ಆದೇಶಗಳನ್ನು ರದ್ದುಪಡಿಸಿತು: ಅಪರಾಧದ ಆರೋಪ ಗಂಭೀರವೇ ಹೌದು, ಆದರೆ ಜನಸಾಮಾನ್ಯರ ಸುರಕ್ಷತೆಗೆ ಅಪಾಯವೆಲ್ಲಿದೆ? ಪ್ರಶ್ನೆಪತ್ರಿಕೆಯಲ್ಲಿ ಯಾವ ಸನ್ನಿವೇಶ ಕೊಟ್ಟರೂ ನಾನು ಮೊದಲು ಕೇಳಿಕೊಳ್ಳುವುದು ಇದನ್ನೇ, ಕಾರಣಗಳ ಪಟ್ಟಿಯನ್ನು ನೋಡುವುದು ಆಮೇಲೆ.

ಕಂಪ್ಯೂಟರಿನಲ್ಲಿರುವ ಮಾಹಿತಿಯನ್ನು ಸರ್ಕಾರ ನೋಡಲು ಅವಕಾಶ ಕೊಡುವ ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ನೇ ಕಲಮಿಗೆ ಬಂದರೆ ಈ ಉಪಾಯ ನಡೆಯುವುದಿಲ್ಲ. ಅಲ್ಲಿ ಮೊದಲ ಷರತ್ತೇ ಇಲ್ಲ. ಮೇಲಾಗಿ ಯಾವುದೇ ಅಪರಾಧದ ತನಿಖೆಯೂ ಸಾಕಾದ ಕಾರಣವಾಗುತ್ತದೆ. 2018ರ ಡಿಸೆಂಬರ್ 20ರಂದು ಹತ್ತು ಸಂಸ್ಥೆಗಳಿಗೆ ಹಾಗೆ ನೋಡುವ ಅಧಿಕಾರ ಕೊಟ್ಟ ಆದೇಶ ಹೊರಟದ್ದು ಈ ಕಲಮಿನಡಿ. 1885ರ ಕಾಯ್ದೆಯ ಬದಲಿಗೆ ಬಂದ 2023ರ ದೂರಸಂಪರ್ಕ ಕಾಯ್ದೆ ತನ್ನ 20(2)ನೇ ಕಲಮಿನಲ್ಲಿ ಹಳೆಯ ಮೊದಲ ಷರತ್ತನ್ನು ಉಳಿಸಿಕೊಂಡಿದ್ದರೂ 69ನೇ ಕಲಮು ಹಾಗೆಯೇ ಇದೆ. ಫೋನಿನ ಮಾತಿಗೊಂದು ಅಳತೆ, ಕಂಪ್ಯೂಟರಿನಲ್ಲಿರುವ ಬರಹಕ್ಕೊಂದು ಅಳತೆ ಏಕೆಂಬುದಕ್ಕೆ ನನಗೆ ಒಪ್ಪುವ ಸಮರ್ಥನೆ ಕಾಣಲಿಲ್ಲ.

ರಾಜಕೀಯ ವಾದವನ್ನು ಚಿಕ್ಕದಾಗಿ ಹೇಳಬಹುದು. ಸರ್ಕಾರದಲ್ಲಿರುವವರು ವೇಗ ಮತ್ತು ಗೋಪ್ಯತೆಯನ್ನು ಮುಂದಿಡುತ್ತಾರೆ, ವಿರೋಧದಲ್ಲಿರುವವರು ನ್ಯಾಯಾಧೀಶರ ಪೂರ್ವಾನುಮತಿ ಕೇಳುತ್ತಾರೆ. ಕುರ್ಚಿ ಬದಲಾದರೆ ವಾದವೂ ಬದಲಾಗುವುದುಂಟು. ಕದ್ದಾಲಿಕೆಯ ಆರೋಪದಲ್ಲಿ 1988ರಲ್ಲಿ ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿ ಸ್ಥಾನ ಬಿಟ್ಟ ರಾಜ್ಯ ನಮ್ಮದು. ಈಗ ಆದೇಶ ಕೊಡುವವರು ಗೃಹ ಕಾರ್ಯದರ್ಶಿ. ಅದನ್ನು ಪರಿಶೀಲಿಸುವ ಸಮಿತಿಗೆ ಕೇಂದ್ರದಲ್ಲಿ ಸಂಪುಟ ಕಾರ್ಯದರ್ಶಿ, ರಾಜ್ಯದಲ್ಲಿ ಮುಖ್ಯ ಕಾರ್ಯದರ್ಶಿ ಅಧ್ಯಕ್ಷರು, ಅಂದರೆ ಎರಡೂ ಕಾರ್ಯಾಂಗದೊಳಗೇ. ಸಮಿತಿ ಆದೇಶವನ್ನು ರದ್ದುಪಡಿಸಿ ಪ್ರತಿಗಳನ್ನು ನಾಶಮಾಡಿಸಿದರೂ, ಕದ್ದಾಲಿಕೆಗೆ ಒಳಗಾದವರಿಗೆ ಅದನ್ನು ತಿಳಿಸಬೇಕೆಂಬ ನಿಯಮವಿಲ್ಲ.