ಪೆಲೆ ಹೊಡೆದ ಗೋಲು ಎಷ್ಟು? 757, 767, 1283ರ ಹಿಂದಿನ ಲೆಕ್ಕ

1956ರ ಸೆಪ್ಟೆಂಬರ್ 7, ಬ್ರೆಜಿಲ್‌ನ ಸ್ವಾತಂತ್ರ್ಯ ದಿನ. ಸಾಂಟೋಸ್ ತಂಡ ಸಾಂಟೋ ಆಂಡ್ರೆ ಎಂಬ ಊರಿಗೆ ಹೋಗಿ ಅಲ್ಲಿನ ಕೊರಿಂಥಿಯನ್ಸ್ ಕ್ಲಬ್ಬನ್ನು 7–1ರಿಂದ ಸೋಲಿಸಿತು. (ಸಾವೊ ಪಾಲೊದ ಹೆಸರಾಂತ ಕೊರಿಂಥಿಯನ್ಸ್ ಬೇರೆ, ಇದು ಅದೇ ಹೆಸರಿನ ಸಣ್ಣ ಕ್ಲಬ್.) ಬದಲಿ ಆಟಗಾರನಾಗಿ ಇಳಿದ, ಇನ್ನೂ ಹದಿನಾರು ತುಂಬದ ಹುಡುಗನೊಬ್ಬ ಆರನೇ ಗೋಲು ಹೊಡೆದ. ಎಡ್ಸನ್ ಅರಾಂಟೆಸ್ ಡೊ ನಾಸಿಮೆಂಟೊ, ಅಂದರೆ ಪೆಲೆ, ಸಾಂಟೋಸ್‌ನ ಹಿರಿಯರ ತಂಡಕ್ಕಾಗಿ ಹೊಡೆದ ಮೊದಲ ಗೋಲು ಅದು.

ಇಂದು ‘ಅಧಿಕೃತ’ ಎಂದು ಮುದ್ರಣವಾಗುವ 757 ಗೋಲುಗಳ ಪಟ್ಟಿಯಲ್ಲಿ ಆ ಗೋಲು ಇಲ್ಲ. ಪೆಲೆ ಹೇಳಿಕೊಳ್ಳುತ್ತಿದ್ದ 1283ರಲ್ಲಿ ಇದೆ. ಒಂದು ಪಟ್ಟಿ ನಿಜ, ಇನ್ನೊಂದು ಬಡಾಯಿ ಎಂದು ತೀರ್ಪು ಕೊಡುವ ಮೊದಲು ಎರಡನ್ನೂ ಬಿಚ್ಚಿ ನೋಡಬೇಕು.

757 ಬಂದದ್ದು ಸರಳ ಕೂಡುಲೆಕ್ಕದಿಂದ. ಸಾಂಟೋಸ್ ಪರ ಸ್ಪರ್ಧಾತ್ಮಕ ಟೂರ್ನಿಗಳಲ್ಲಿ 643, ಬ್ರೆಜಿಲ್ ಪರ 92 ಅಂತರರಾಷ್ಟ್ರೀಯ ಪಂದ್ಯಗಳಲ್ಲಿ 77, ನ್ಯೂಯಾರ್ಕ್ ಕಾಸ್ಮೋಸ್ ಪರ ಅಮೆರಿಕದ ಲೀಗ್‌ನಲ್ಲಿ 37. ಇದಕ್ಕೆ ಸಾವೊ ಪಾಲೊ ರಾಜ್ಯ ತಂಡದ ಪರ ಹೊಡೆದ 9 ಮತ್ತು ಸೇನಾ ತಂಡದ ಪರ ಹೊಡೆದ 1 ಸೇರಿಸಿದರೆ 767. ಕ್ರಿಸ್ಟಿಯಾನೊ ರೊನಾಲ್ಡೊ 2021ರ ಮಾರ್ಚ್‌ನಲ್ಲಿ ಪೆಲೆಯನ್ನು ದಾಟಿದ್ದಾಗಿ ಒಪ್ಪಿಕೊಂಡದ್ದು ಈ 767ನ್ನು ಮೀರಿದ ಮೇಲೆಯೇ. ಆ ಹತ್ತು ಗೋಲುಗಳನ್ನೂ ಗೌರವಿಸಬೇಕೆಂದು ಆತ ಕಾದಿದ್ದ. ಅಂಕಿಗಳ ಮೇಲೆ ಇಷ್ಟು ಹಸಿವಿರುವ ಆಟಗಾರ ತೋರಿದ ಆ ಸಂಯಮ ಮೆಚ್ಚತಕ್ಕದ್ದು.

1283 ಮತ್ತು 757ರ ನಡುವೆ ಉಳಿಯುವುದು 526. ಇದರಲ್ಲಿ ಸಿಂಹಪಾಲು ಸಾಂಟೋಸ್‌ನದೇ. ಸಾಂಟೋಸ್‌ಗಾಗಿ ಪೆಲೆ ಹೊಡೆದದ್ದು ಒಟ್ಟು 1091, ಅದರಲ್ಲಿ 448 ಸೌಹಾರ್ದ ಪಂದ್ಯಗಳಲ್ಲಿ ಬಂದವು ಎಂಬುದು ಕ್ಲಬ್ಬಿನ ಲೆಕ್ಕ. ಉಳಿದವು ಬ್ರೆಜಿಲ್ ತಂಡ ಕ್ಲಬ್ಬುಗಳ ಮತ್ತು ಆಯ್ದ ತಂಡಗಳ ವಿರುದ್ಧ ಆಡಿದ ಪಂದ್ಯಗಳಿಂದ, ಕಾಸ್ಮೋಸ್‌ನ ಪ್ರವಾಸಗಳಿಂದ, ರಾಜ್ಯ ತಂಡದ ಮತ್ತು ಸೇನಾ ತಂಡದ ಪಂದ್ಯಗಳಿಂದ ಬಂದವು. ಬ್ರೆಜಿಲ್ ಫುಟ್‌ಬಾಲ್ ಒಕ್ಕೂಟ ಪೆಲೆಗೆ ದೇಶದ ಪರ 95 ಗೋಲು ಎನ್ನುತ್ತದೆ, ಫಿಫಾ 77 ಎನ್ನುತ್ತದೆ. ಮಧ್ಯದ 18 ಗೋಲುಗಳು ಬಂದದ್ದು ಎದುರಾಳಿ ಇನ್ನೊಂದು ದೇಶದ ತಂಡ ಆಗಿರದಿದ್ದ ಪಂದ್ಯಗಳಲ್ಲಿ.

ಒಬ್ಬ ಆಟಗಾರ ಒಂದೇ ಕ್ಲಬ್ಬಿಗೆ ಸೌಹಾರ್ದ ಪಂದ್ಯಗಳಲ್ಲೇ 448 ಗೋಲು ಹೊಡೆಯುವಷ್ಟು ಪಂದ್ಯಗಳು ಎಲ್ಲಿಂದ ಬಂದವು? ಇದಕ್ಕೆ ಉತ್ತರ ಆ ಕಾಲದ ಬ್ರೆಜಿಲ್‌ನ ಪಂದ್ಯಪಟ್ಟಿಯಲ್ಲಿದೆ.

ಪೆಲೆ ಆಡಲು ಶುರು ಮಾಡಿದಾಗ ಬ್ರೆಜಿಲ್‌ಗೆ ರಾಷ್ಟ್ರೀಯ ಲೀಗ್ ಎಂಬುದೇ ಇರಲಿಲ್ಲ. ದೇಶ ಅಷ್ಟು ದೊಡ್ಡದು, ದೂರ ಪ್ರಯಾಣ ಅಷ್ಟು ದುಬಾರಿ. ಪ್ರತಿ ರಾಜ್ಯ ತನ್ನದೇ ಚಾಂಪಿಯನ್‌ಷಿಪ್ ನಡೆಸುತ್ತಿತ್ತು. ಸಾವೊ ಪಾಲೊ ರಾಜ್ಯದ ‘ಪಾಲಿಸ್ಟಾ’ 1902ರಿಂದ ನಡೆದುಬಂದದ್ದು, ಸಾಂಟೋಸ್‌ಗೆ ಅದೇ ಮುಖ್ಯ ಟೂರ್ನಿ. 1958ರ ಪಾಲಿಸ್ಟಾದಲ್ಲಿ ಪೆಲೆ 38 ಪಂದ್ಯಗಳಲ್ಲಿ 58 ಗೋಲು ಹೊಡೆದ. ಆಗ ಅವನ ವಯಸ್ಸು ಹದಿನೇಳು–ಹದಿನೆಂಟು. ಟಾಸಾ ಬ್ರೆಸಿಲ್ ಎಂಬ ರಾಷ್ಟ್ರೀಯ ಕಪ್ ಶುರುವಾದದ್ದು 1959ರಲ್ಲಿ. ಅದು ನಾಕೌಟ್ ಮಾದರಿಯದು, ಹೆಚ್ಚಾಗಿ ರಾಜ್ಯ ಚಾಂಪಿಯನ್ನರೇ ಆಡುತ್ತಿದ್ದರು, ಕೆಲವೇ ಪಂದ್ಯಗಳಲ್ಲಿ ಮುಗಿದುಹೋಗುತ್ತಿತ್ತು. 1961ರಿಂದ 1965ರವರೆಗೆ ಸತತ ಐದು ಸಲ ಸಾಂಟೋಸ್ ಅದನ್ನು ಗೆದ್ದಿತು. ಈಗಿನ ರಾಷ್ಟ್ರೀಯ ಚಾಂಪಿಯನ್‌ಷಿಪ್ ಬಂದದ್ದು 1971ರಲ್ಲಿ, ಅಷ್ಟರಲ್ಲಿ ಪೆಲೆಗೆ ಮೂವತ್ತು ದಾಟಿತ್ತು.

ಹಣದ ಮಾತೂ ಇತ್ತು. ಸಾಂಟೋಸ್ ಬಂದರು ನಗರ. ಕ್ಲಬ್ಬಿನ ಮೈದಾನ ವಿಲಾ ಬೆಲ್ಮಿರೊ ಚಿಕ್ಕದು, ಇಂದಿಗೂ ಅಲ್ಲಿ ಇಪ್ಪತ್ತು ಸಾವಿರ ಜನ ಹಿಡಿಸುವುದಿಲ್ಲ. ಟೀವಿ ಪ್ರಸಾರದ ಹಕ್ಕಿನ ಹಣ ಆಗ ಇಲ್ಲವೇ ಇಲ್ಲ. ಜಗತ್ತಿನ ಅತ್ಯುತ್ತಮ ತಂಡವನ್ನು ಆ ಟಿಕೆಟ್ ದುಡ್ಡಿನಲ್ಲಿ ಸಾಕುವುದು ಆಗದ ಮಾತು. ಯುರೋಪಿನ ಕ್ಲಬ್ಬುಗಳು ಪೆಲೆಗಾಗಿ ಹಣದ ಚೀಲ ಹಿಡಿದು ನಿಂತಿದ್ದವು. ಅವನನ್ನು ಉಳಿಸಿಕೊಳ್ಳಬೇಕಾದರೆ ಅವನ ಆಟವನ್ನೇ ಊರೂರಿಗೆ ಒಯ್ದು ಗಳಿಸಬೇಕಿತ್ತು. ಹೀಗಾಗಿ ಇಂದಿನ ಕ್ಲಬ್ಬುಗಳಿಗೆ ಪ್ರಸಾರದ ಒಪ್ಪಂದ ಏನೋ ಸಾಂಟೋಸ್‌ಗೆ ಪ್ರವಾಸ ಪಂದ್ಯ ಅದೇ ಆಗಿತ್ತು. ಕರೆದವರು ಪೆಲೆಯನ್ನು ನೋಡಲೆಂದೇ ಹಣ ಕೊಡುತ್ತಿದ್ದರು. ಗಾಯವಿದ್ದರೂ, ದಣಿದಿದ್ದರೂ ಆತ ಮೈದಾನಕ್ಕಿಳಿಯಬೇಕಿತ್ತು. ಇಂದು ಋತು ಶುರುವಾಗುವ ಮೊದಲು ಕೈಕಾಲು ಸಡಿಲಿಸಲು ಆಡುವ ಪಂದ್ಯಗಳಿಗೂ ಇದಕ್ಕೂ ಹೋಲಿಕೆಯೇ ಇಲ್ಲ.

1959ನ್ನೇ ನೋಡಿ. ಆ ವರ್ಷ ಪೆಲೆ ಕಡ್ಡಾಯ ಸೇನಾ ಸೇವೆಯಲ್ಲಿದ್ದ. ಸಾಂಟೋಸ್, ಬ್ರೆಜಿಲ್, ರಾಜ್ಯ ತಂಡ, ಜೊತೆಗೆ ಸೇನೆಯ ತಂಡಗಳು, ಎಲ್ಲಕ್ಕೂ ಆಡಬೇಕು. ಎಲ್ಲ ಸೇರಿಸಿ ಆ ವರ್ಷ ನೂರಕ್ಕೂ ಹೆಚ್ಚು ಪಂದ್ಯ, 127 ಗೋಲು ಎಂದು ದಾಖಲೆಯಿದೆ. ವರ್ಷದ ನಡುವೆ ಯುರೋಪ್ ಪ್ರವಾಸ, ಒಂದು ದಿನ ಆಟ, ಮರುದಿನ ಪ್ರಯಾಣ. ಆ ಪ್ರವಾಸದಲ್ಲಿ ಸಾಂಟೋಸ್ ಮ್ಯಾಡ್ರಿಡ್‌ನಲ್ಲಿ ರಿಯಲ್ ಮ್ಯಾಡ್ರಿಡ್‌ಗೆ 3–5ರಿಂದ ಸೋತಿತು, ಇಂಟರ್ ಮಿಲಾನ್ ತಂಡವನ್ನು 7–1ರಿಂದ, ಬಾರ್ಸಿಲೋನಾವನ್ನು ಅದರದೇ ಮೈದಾನದಲ್ಲಿ 5–1ರಿಂದ ಮಣಿಸಿತು. ಇಂಟರ್ ವಿರುದ್ಧ ಪೆಲೆಯದೇ ನಾಲ್ಕು ಗೋಲು.

‘ಅಧಿಕೃತ’ ಎಂಬ ಮುದ್ರೆ ಎಡವುವುದು ಇಲ್ಲಿಯೇ. ಇಂಟರ್ ವಿರುದ್ಧದ ಆ ನಾಲ್ಕೂ ಗೋಲುಗಳು 757ರಲ್ಲಿ ಇಲ್ಲ, ಏಕೆಂದರೆ ಅದು ಸೌಹಾರ್ದ ಪಂದ್ಯ. ಆದರೆ 1964ರ ನವೆಂಬರ್ 21ರಂದು ಪಾಲಿಸ್ಟಾದಲ್ಲಿ ರಿಬೆರಾವೊ ಪ್ರೆಟೊ ಊರಿನ ಬೊಟಾಫೊಗೊ ತಂಡವನ್ನು ಸಾಂಟೋಸ್ 11–0ರಿಂದ ಹೊಸಕಿಹಾಕಿದಾಗ ಪೆಲೆ ಹೊಡೆದ ಎಂಟೂ ಗೋಲುಗಳು ಪಟ್ಟಿಯಲ್ಲಿವೆ. ಎದುರಾಳಿಯ ಬಲದ ಬಗ್ಗೆ ಆ ಮುದ್ರೆ ಏನನ್ನೂ ಹೇಳುವುದಿಲ್ಲ, ಆ ಪಂದ್ಯ ಟೂರ್ನಿಯೊಂದರ ಭಾಗ ಹೌದೋ ಅಲ್ಲವೋ ಎಂದಷ್ಟೇ ಹೇಳುತ್ತದೆ.

ಮುದ್ರೆಯೂ ಸ್ಥಿರವಲ್ಲ. 1971ಕ್ಕೆ ಹಿಂದಿನ ಟಾಸಾ ಬ್ರೆಸಿಲ್ ಗೆಲುವುಗಳನ್ನು ರಾಷ್ಟ್ರೀಯ ಚಾಂಪಿಯನ್‌ಷಿಪ್‌ಗೆ ಸಮ ಎಂದು ಬ್ರೆಜಿಲ್ ಒಕ್ಕೂಟ ಮಾನ್ಯ ಮಾಡಿದ್ದು 2010ರ ಡಿಸೆಂಬರ್‌ನಲ್ಲಿ. ಒಂದೇ ಒಂದು ನಿರ್ಧಾರದಿಂದ ಸಾಂಟೋಸ್‌ನ ಕಪಾಟಿನಲ್ಲಿದ್ದ ಹಳೆಯ ಕಪ್ಪುಗಳ ದರ್ಜೆ ಬದಲಾಯಿತು. ಕ್ರಿಕೆಟ್ ಬಲ್ಲವರಿಗೆ ಇದು ಹೊಸದೇನಲ್ಲ. ಇಂಗ್ಲೆಂಡಿನ ಬ್ಯಾಟ್ಸ್‌ಮನ್ ಜ್ಯಾಕ್ ಹಾಬ್ಸ್ ಪ್ರಥಮ ದರ್ಜೆಯಲ್ಲಿ ಹೊಡೆದ ಶತಕಗಳು ಒಂದು ಪಟ್ಟಿಯಲ್ಲಿ 197, ಇನ್ನೊಂದರಲ್ಲಿ 199. ವ್ಯತ್ಯಾಸದ ಆ ಎರಡು ಶತಕಗಳು 1930–31ರಲ್ಲಿ ವಿಜಯನಗರಂ ಮಹಾರಾಜಕುಮಾರನ ತಂಡದ ಪರ ಆಡುವಾಗ ಬಂದವು. ಆ ಪಂದ್ಯಗಳ ದರ್ಜೆಯ ಬಗ್ಗೆ ಅಂಕಿ ಅಂಶದವರು ಇನ್ನೂ ಒಂದಾಗಿಲ್ಲ.

ಪೆಲೆಯ ಲೆಕ್ಕದ ಜಗಳ ಮತ್ತೆ ಬೀದಿಗೆ ಬಂದದ್ದು 2020ರ ಡಿಸೆಂಬರ್‌ನಲ್ಲಿ. 19ರಂದು ವಲೆನ್ಸಿಯಾ ವಿರುದ್ಧ ಮೆಸ್ಸಿ ಬಾರ್ಸಿಲೋನಾ ಪರ ತನ್ನ 643ನೇ ಗೋಲು ಹೊಡೆದು ಪೆಲೆಗೆ ಸಮನಾದ, 22ರಂದು ವಯ್ಯಾಡೊಲಿಡ್ ವಿರುದ್ಧ 644. ಒಂದೇ ಕ್ಲಬ್ ಪರ ಅತಿ ಹೆಚ್ಚು ಗೋಲು ಎಂದು ಸುದ್ದಿಯಾಯಿತು. ಸಾಂಟೋಸ್ ಕೂಡಲೇ ತನ್ನ 1091ನ್ನು ಮುಂದಿಟ್ಟಿತು. ಪೆಲೆ ಮೆಸ್ಸಿಯನ್ನು ಅಭಿನಂದಿಸಿದ್ದ. ಮೆಸ್ಸಿ ಬಾರ್ಸಿಲೋನಾ ಬಿಡುವಷ್ಟರಲ್ಲಿ ಆ ಎಣಿಕೆ 672ಕ್ಕೆ ಏರಿತ್ತು. ಟೂರ್ನಿ ಗೋಲುಗಳನ್ನಷ್ಟೇ ಎಣಿಸುವುದಾದರೆ ದಾಖಲೆ ಮೆಸ್ಸಿಯದು, ಅದರಲ್ಲಿ ಅನುಮಾನವಿಲ್ಲ. ಆದರೆ 1283ನ್ನು ಮೆಸ್ಸಿಯ ಟೂರ್ನಿ ಗೋಲುಗಳ ಪಕ್ಕದಲ್ಲಿಟ್ಟು ತೂಗುವುದು ತಪ್ಪು, ಸಾಂಟೋಸ್‌ನ ಪ್ರವಾಸ ಪಂದ್ಯಗಳನ್ನು ಗಲ್ಲಿ ಆಟದಂತೆ ತಳ್ಳಿಹಾಕುವುದು ಅದಕ್ಕಿಂತ ದೊಡ್ಡ ತಪ್ಪು.

ಯಾರಾದರೂ ಪೆಲೆಯ ಗೋಲು ಇಷ್ಟು ಎಂದರೆ ಮೂರು ಪ್ರಶ್ನೆ ಕೇಳಿ. ಸೌಹಾರ್ದ ಪಂದ್ಯ ಸೇರಿದೆಯೇ? ರಾಜ್ಯ ತಂಡ ಮತ್ತು ಸೇನಾ ತಂಡದ ಗೋಲು ಸೇರಿದೆಯೇ? ಎಣಿಕೆ ಯಾವ ದಿನಕ್ಕೆ ನಿಂತಿದೆ? ಮೂರನೆಯದನ್ನು ಬಹಳ ಜನ ಮರೆಯುತ್ತಾರೆ. ಗಿನ್ನೆಸ್ ದಾಖಲೆಯಲ್ಲಿ 1363 ಪಂದ್ಯಗಳಿಂದ 1279 ಎಂದಿದೆ, ಫಿಫಾ 1281 ಎಂದು ಬರೆದಿದೆ, ಪೆಲೆಯದು 1283. ಹೀಗೆ ದೊಡ್ಡ ಸಂಖ್ಯೆಯೂ ಒಂದೇ ಅಲ್ಲ.

1977ರ ಸೆಪ್ಟೆಂಬರ್ 24ರಂದು ಕೋಲ್ಕತ್ತದ ಈಡನ್ ಗಾರ್ಡನ್ಸ್‌ನಲ್ಲಿ ಕಾಸ್ಮೋಸ್ ಮತ್ತು ಮೋಹನ್ ಬಾಗಾನ್ 2–2ರಿಂದ ಸಮ ಮಾಡಿಕೊಂಡವು. ಪೆಲೆ ಗೋಲು ಹೊಡೆಯಲಿಲ್ಲ, ಹಾಗಾಗಿ ನಮ್ಮ ನೆಲದಿಂದ ಯಾವ ಪಟ್ಟಿಗೂ ಏನೂ ಸೇರಿಲ್ಲ. ಒಂದು ವಾರದ ಬಳಿಕ, ಅಕ್ಟೋಬರ್ 1ರಂದು, ನ್ಯೂಜೆರ್ಸಿಯಲ್ಲಿ ವಿದಾಯ ಪಂದ್ಯ. ಅರ್ಧ ಆಟ ಕಾಸ್ಮೋಸ್‌ಗೆ, ಅರ್ಧ ಸಾಂಟೋಸ್‌ಗೆ ಆಡಿದ ಪೆಲೆ ಕೊನೆಯ ಗೋಲನ್ನು ಫ್ರೀ ಕಿಕ್‌ನಿಂದ ಸಾಂಟೋಸ್‌ನ ಬಲೆಗೇ ಹೊಡೆದ. ಅದೂ ಸೌಹಾರ್ದ ಪಂದ್ಯವೇ, 757ರಲ್ಲಿ ಇಲ್ಲ. ಬೆಂಗಳೂರಿನ ಹಲಸೂರು ಬಳಿಯ ಗೌತಮಪುರದಲ್ಲಿ ಬುದ್ಧ, ಅಂಬೇಡ್ಕರ್, ಮದರ್ ತೆರೇಸಾ ಪ್ರತಿಮೆಗಳ ಜೊತೆ ಪೆಲೆಯ ಪ್ರತಿಮೆಯೂ ಇದೆ. ಅದನ್ನು ನಿಲ್ಲಿಸಿದ ಫುಟ್‌ಬಾಲ್ ಪ್ರೇಮಿಗಳಿಗೆ ಈ ಯಾವ ಲೆಕ್ಕವೂ ಬೇಕಾಗಿರಲಿಲ್ಲ.

ಎಣಿಕೆಯ ಎಡವಟ್ಟು ಎಲ್ಲಕ್ಕಿಂತ ಚೆನ್ನಾಗಿ ಕಾಣುವುದು ಸಾವಿರದ ಗೋಲಿನಲ್ಲಿ. 1969ರ ನವೆಂಬರ್ 14ರಂದು ಸಾಂಟೋಸ್ ಈಶಾನ್ಯದ ಜೊವಾವೊ ಪೆಸೊವಾ ನಗರದಲ್ಲಿ ಅಲ್ಲಿನ ಬೊಟಾಫೊಗೊ ವಿರುದ್ಧ ಆಡಿತು. ಪೆಲೆ ಪೆನಾಲ್ಟಿಯಲ್ಲಿ ಹೊಡೆದದ್ದು 999 ಎಂದು ಎಣಿಸಲಾಯಿತು. ಆಮೇಲೆ ಸಾಂಟೋಸ್‌ನ ಗೋಲ್‌ಕೀಪರ್ ಗಾಯಗೊಂಡು ಹೊರನಡೆದಾಗ ಬದಲಿ ಕೀಪರ್ ಆಗಿ ನಿಂತದ್ದು ಪೆಲೆಯೇ. ಮುಂದಿನ ಪಂದ್ಯ ಸಾಲ್ವಡಾರ್‌ನಲ್ಲಿ, 16ರಂದು. ಅಲ್ಲಿ ಅವನ ಹೊಡೆತವನ್ನು ಬಯಾ ತಂಡದ ರಕ್ಷಕ ಗೆರೆಯ ಮೇಲೆ ತಡೆದ. ತನ್ನೂರಿನ ಜನರೇ ಆ ರಕ್ಷಕನಿಗೆ ಛೀಮಾರಿ ಹಾಕಿದರು. 19ರ ರಾತ್ರಿ ರಿಯೊ ನಗರದ ಮರಕಾನಾ ಮೈದಾನದಲ್ಲಿ ವಾಸ್ಕೊ ತಂಡದ ವಿರುದ್ಧ ಪೆನಾಲ್ಟಿ ಸಿಕ್ಕಿತು. ಅರ್ಜೆಂಟೀನಾದ ಗೋಲ್‌ಕೀಪರ್ ಆಂಡ್ರಾಡಾ ಸರಿಯಾದ ದಿಕ್ಕಿಗೇ ಹಾರಿದರೂ ಚೆಂಡು ಒಳಹೊಕ್ಕಿತು. ಆತ ಸಿಟ್ಟಿನಿಂದ ನೆಲ ಗುದ್ದಿದ. ಜನ ಮೈದಾನಕ್ಕೆ ನುಗ್ಗಿದರು, ಆಟ ನಿಂತಿತು. ಅದೇ ದಿನ ಅಪೊಲೊ 12 ಚಂದ್ರನ ಮೇಲೆ ಇಳಿದಿತ್ತು.

ಇಪ್ಪತ್ತಾರು ವರ್ಷಗಳ ನಂತರ, 1995ರಲ್ಲಿ, ‘ಫೋಲ್ಯಾ ಡಿ ಸಾವೊ ಪಾಲೊ’ ಪತ್ರಿಕೆ ಹಳೆಯ ಲೆಕ್ಕವನ್ನು ಪಂದ್ಯ ಪಂದ್ಯವಾಗಿ ಮತ್ತೆ ಕೂಡಿತು. 1959ರಲ್ಲಿ ಸೇನಾ ತಂಡದ ಪರ ಪರಾಗ್ವೆ ವಿರುದ್ಧ ಹೊಡೆದ ಒಂದು ಗೋಲು ಬಿಟ್ಟುಹೋಗಿತ್ತು. ಅದನ್ನು ಸೇರಿಸಿದರೆ ಸಾವಿರದ ಗೋಲು ಬಿದ್ದದ್ದು ಜೊವಾವೊ ಪೆಸೊವಾದಲ್ಲಿ. ಆಂಡ್ರಾಡಾ ಬಿಟ್ಟದ್ದು 1001ನೆಯದು.