ಊರಿನ ವಿಡಿಯೊಗೆ ಊರಿನದೇ ಪಂಚಾಂಗ

ಜುಲೈಯ ಮಳೆಯಲ್ಲಿ ಮಲ್ಪೆ ಬೀಚಿಗೆ ಹೋಗಿ ನಿಂತರೆ, ಮಕ್ಕಳುಮರಿ ಕಟ್ಟಿಕೊಂಡು ದೂರದಿಂದ ಬಂದವರು 'ದ್ವೀಪಕ್ಕೆ ಬೋಟು ಎಲ್ಲಿಂದ ಹೊರಡ್ತದೆ?' ಎಂದು ವಿಚಾರಿಸುವುದನ್ನು ಕಾಣಬಹುದು. ಅವರ ಫೋನಿನಲ್ಲಿ ಒಂದು ರೀಲ್ಸ್ ಇರುತ್ತದೆ. ತಿಳಿನೀಲಿ ಕಡಲು, ಎದ್ದು ನಿಂತ ಕಲ್ಲುಕಂಬಗಳು, ತೆಂಗಿನ ಸಾಲು. ಎಲ್ಲವೂ ನಿಜ, ಆದರೆ ಜನವರಿಯ ನಿಜ. ಮಳೆಗಾಲದಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ಪ್ರವಾಸಿ ಬೋಟುಗಳು ಹೋಗುವುದಿಲ್ಲ. ರೀಲ್ಸ್ ಮಾಡಿದವರು ಇಲ್ಲೇ ಹುಟ್ಟಿ ಬೆಳೆದವರಾದರೆ ಇದು ಅವರಿಗೆ ಗೊತ್ತೇ ಇರುತ್ತದೆ. ಎಷ್ಟು ಚೆನ್ನಾಗಿ ಗೊತ್ತೆಂದರೆ, ಹೇಳಬೇಕು ಅಂತಲೇ ಹೊಳೆಯುವುದಿಲ್ಲ.

ಉಡುಪಿ, ಮಂಗಳೂರಿನ ಯುವಕ ಯುವತಿಯರು ತಮ್ಮ ಊರಿನ ಬಗ್ಗೆ ಮಾಡುವ ವಿಡಿಯೊ, ಬರಹಗಳನ್ನು ನೋಡಿ ತಿದ್ದಿಕೊಡುವುದು ನನ್ನ ಕೆಲಸ. ಮೊದಲ ಭೇಟಿಯಲ್ಲಿ ಹೆಚ್ಚಿನವರು ಕೇಳುವುದು ಒಂದೇ: 'ಯಾರೂ ತೋರಿಸದ ಜಾಗ ಯಾವುದಾದ್ರೂ ಉಂಟಾ?' ಜಾಗ ಹುಡುಕುವುದನ್ನು ಬಿಡಿ, ದಿನ ಹುಡುಕಿ ಎನ್ನುತ್ತೇನೆ. 1901ರಲ್ಲಿ ಕಟ್ಟಿದ ಕಾಪು ದೀಪಸ್ತಂಭವನ್ನು ಬೆಂಗಳೂರಿನಿಂದ ಬಂದವರು ಒಂದೇ ಸಂಜೆಯಲ್ಲಿ ನಿಮಗಿಂತ ಒಳ್ಳೆಯ ಕ್ಯಾಮೆರಾದಲ್ಲಿ ತೆಗೆದುಕೊಂಡು ಹೋಗುತ್ತಾರೆ. ಅದೇ ಜಾಗಕ್ಕೆ ಹನ್ನೆರಡೂ ತಿಂಗಳು, ಹೊತ್ತುಹೊತ್ತಿಗೆ ಹೋಗಿ ಬರುವುದು ಮಾತ್ರ ಅವರಿಂದಾಗದು. ನಿಮ್ಮಿಂದ ಆಗುತ್ತದೆ, ನಿಮ್ಮ ಮನೆ ಇಲ್ಲೇ ಉಂಟು.

ಮೀನಿನ ವಿಷಯವನ್ನೇ ನೋಡಿ. ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ನಮ್ಮ ಕರಾವಳಿಯಲ್ಲಿ ಯಾಂತ್ರೀಕೃತ ಬೋಟುಗಳು ಮೀನುಗಾರಿಕೆಗೆ ಇಳಿಯುವಂತಿಲ್ಲ. ಟ್ರಾಲ್ ಬೋಟು, ಪರ್ಸೀನ್ ಬೋಟುಗಳೆಲ್ಲ ಮಲ್ಪೆ ಬಂದರಿನಲ್ಲಿ ಮೈಗೆ ಮೈ ತಾಗಿಸಿಕೊಂಡು ನಿಂತಿರುತ್ತವೆ. ನಾಡದೋಣಿಯವರು ಕಡಲು ಸ್ವಲ್ಪ ಇಳಿದ ದಿನ ಹೋಗಿ ಬರುತ್ತಾರೆ, ಅಷ್ಟೇ. ಪೂರ್ವ ಕರಾವಳಿಯಲ್ಲಿ ಈ ನಿಷೇಧ ಏಪ್ರಿಲ್ 15ಕ್ಕೆ ಶುರುವಾಗಿ ಜೂನ್ 14ಕ್ಕೆ ಮುಗಿಯುತ್ತದೆ. ಹಾಗಾಗಿ ಜುಲೈಯಲ್ಲಿ ಇಲ್ಲಿನ ಹೋಟೆಲುಗಳ ತಟ್ಟೆಗೆ ಬರುವ ಮೀನಿನಲ್ಲಿ ಐಸು ಹಾಕಿ ಆ ಕಡೆಯಿಂದ ತರಿಸಿದ್ದೂ ಇರುತ್ತದೆ. ಅದರಲ್ಲಿ ತಪ್ಪೇನಿಲ್ಲ. ಆದರೆ ಅಂಜಲ್ ಫ್ರೈ ಮುಂದೆ ಕೂತು 'ಇವತ್ತು ಬೆಳಿಗ್ಗೆ ಮಲ್ಪೆಯಲ್ಲಿ ಹಿಡಿದದ್ದು' ಎಂದು ಜುಲೈಯಲ್ಲಿ ಹೇಳುವ ವಿಡಿಯೊ ಬಂದರೆ ಆ ಸಾಲನ್ನು ನಾನು ತೆಗೆಸುತ್ತೇನೆ. ಮಳೆಗಾಲದಲ್ಲಿ ತೋರಿಸಲು ಬೇರೆ ಬೇಕಾದಷ್ಟು ಉಂಟು: ಶೆಡ್ಡುಗಳಲ್ಲಿ ಸಾಲಾಗಿ ಕೂತು ಬಲೆ ಸರಿಪಡಿಸುವವರು, ಪಾತ್ರೆಗೆ ಹಾಕಿದರೆ ಮನೆಯೆಲ್ಲ ಪರಿಮಳ ಹರಡುವ ಒಣಮೀನಿನ ಚಟ್ನಿ, ಹೊಸ ಋತುವಿನ ಹೊತ್ತಿಗೆ ಕಡಲಿಗೆ ಹಾಲು, ತೆಂಗಿನಕಾಯಿ ಅರ್ಪಿಸುವ ಸಮುದ್ರಪೂಜೆ. ಸೆಪ್ಟೆಂಬರಿನಲ್ಲಿ ಬೂತಾಯಿ, ಬಂಗುಡೆ ಬಂದರಿಗೆ ಬಂದು ಬೀಳುವಾಗ ಮೀನು ತೋರಿಸಿದರಾಯಿತು.

ಮಳೆಗಾಲವನ್ನು ನಮ್ಮವರೂ 'ಆಫ್ ಸೀಸನ್' ಎನ್ನಲು ಶುರು ಮಾಡಿದ್ದಾರೆ. ಇದು ನನಗೆ ಬೇಸರದ ಸಂಗತಿ. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರು ನಮ್ಮದು. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗಿಯುತ್ತದೆ. ನಮ್ಮ ಮನೆಗಳ ಮಾಡು (ಛಾವಣಿ) ಅಷ್ಟು ಇಳಿಜಾರಾಗಿ ಇರುವುದು, 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಆರಂಭಿಸಿದ ಹಂಚಿನ ಉದ್ಯಮ ಇಲ್ಲಿ ಬೇರು ಬಿಟ್ಟದ್ದು ಈ ಮಳೆಯ ನಾಡಿನಲ್ಲೇ. ಹಂಚಿನ ಮನೆಯನ್ನು ಮಳೆ ಬರುವಾಗ ಚಾವಡಿಯಲ್ಲಿ ಕೂತು ಚಿತ್ರೀಕರಿಸಿ. ಶಬ್ದವನ್ನು ಹಾಗೆಯೇ ಬಿಡಿ, ಅದರ ಮೇಲೆ ಹಾಡು ಹಾಕಬೇಡಿ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ತುಳುವರ ಆಟಿ ತಿಂಗಳು. ಪತ್ರೊಡೆ, ತಜಂಕಿನ ಸೊಪ್ಪಿನ ಪಲ್ಯ, ಕಣಿಲೆ (ಎಳೆ ಬಿದಿರು) ಎಲ್ಲ ಅಡುಗೆಮನೆಗೆ ಬರುವ ಕಾಲ. ಆಟಿ ಅಮಾವಾಸ್ಯೆಯ ದಿನ ಬೆಳಕು ಹರಿಯುವ ಮೊದಲೇ ಪಾಲೆ ಮರದ ಕೆತ್ತೆಯನ್ನು (ತೊಗಟೆಯನ್ನು) ಕಲ್ಲಿನಿಂದ ಜಜ್ಜಿ ತಂದು ಕಷಾಯ ಮಾಡಿ ಖಾಲಿ ಹೊಟ್ಟೆಗೆ ಕುಡಿಯುತ್ತಾರೆ, ಮೇಲಿಂದ ಮೆಂತೆ ಗಂಜಿ. ಇದನ್ನು ತೋರಿಸುವವರು ಒಂದು ಮಾತು ಸ್ಪಷ್ಟವಾಗಿ ಹೇಳಲೇಬೇಕು: ಮರದ ಗುರುತು ಬಲ್ಲವರೇ ಕೆತ್ತೆ ತರಬೇಕು. ಕಾಸರ್ಕನ ಮರದ ತೊಗಟೆ ವಿಷ, ಕತ್ತಲಲ್ಲಿ ಗುರುತು ತಪ್ಪಿದರೆ ಜೀವಕ್ಕೇ ಅಪಾಯ. ವಿಡಿಯೊ ನೋಡಿ ಯಾರೋ ಸ್ವಂತ ಪ್ರಯೋಗಕ್ಕೆ ಇಳಿಯುವಂತಾಗಬಾರದು.

ಉಡುಪಿ ಕೃಷ್ಣನ ಪೂಜೆಯ ಹೊಣೆ ಎಂಟು ಮಠಗಳಲ್ಲಿ ಒಂದರಿಂದ ಇನ್ನೊಂದಕ್ಕೆ ಹೋಗುವ ಪರ್ಯಾಯದ ವಿಡಿಯೊಗಳ ಕಥೆಯೂ ಇಂಥದ್ದೇ. ಎರಡು ವರ್ಷಕ್ಕೊಮ್ಮೆ, ಜನವರಿ 18ರ ನಸುಕಿನಲ್ಲಿ, ಜೋಡುಕಟ್ಟೆಯಿಂದ ಹೊರಡುವ ಮೆರವಣಿಗೆ ಎಲ್ಲರ ಕ್ಯಾಮೆರಾದಲ್ಲೂ ಇರುತ್ತದೆ. ಟಿ.ವಿ.ಯವರು ಎತ್ತರದ ಕಟ್ಟಡದ ಮೇಲೆ ನಿಂತು ಅದನ್ನು ನಿಮಗಿಂತ ಚೆನ್ನಾಗಿ ತೋರಿಸುತ್ತಾರೆ. ನಿಮಗೆ ಸಿಗುವ ಭಾಗ್ಯ ಅದರ ಹಿಂದಿನ ವರ್ಷ. ಸುಮಾರು ಒಂದು ವರ್ಷ ಮೊದಲೇ ಬಾಳೆ ಮುಹೂರ್ತ ನಡೆಯುತ್ತದೆ. ಬಾಳೆ ಗಿಡ ನೆಡುವುದರಿಂದಲೇ ಪರ್ಯಾಯದ ಸಿದ್ಧತೆ ಶುರು. ಆಮೇಲೆ ಅಕ್ಕಿ ಮುಹೂರ್ತ, ಕಟ್ಟಿಗೆ ಮುಹೂರ್ತ, ಕೊನೆಗೆ ಭತ್ತ ಮುಹೂರ್ತ. ಎರಡು ವರ್ಷದ ಅನ್ನದಾನಕ್ಕೆ ಬೇಕಾದ ಸೌದೆಯನ್ನು ಮಧ್ವಸರೋವರದ ಪಕ್ಕದಲ್ಲಿ ರಥದ ಆಕಾರದಲ್ಲಿ ಒಟ್ಟುವುದನ್ನು ದಿನದಿನ ನೋಡುವ ಅವಕಾಶ ರಥಬೀದಿಯ ಆಸುಪಾಸಿನವರಿಗೆ ಮಾತ್ರ ಉಂಟು. ಒಂದೇ ಕೋನದಿಂದ ವಾರಕ್ಕೊಂದು ಫೋಟೊ ತೆಗೆದಿಟ್ಟರೂ ಸಾಕು, ಕೊನೆಗೆ ಅದು ಒಂದು ಅಪರೂಪದ ದಾಖಲೆ. ಭಕ್ತರು ಅರ್ಪಿಸುವ ಹೊರೆಕಾಣಿಕೆಯಲ್ಲಿ ಬರುವ ಮಟ್ಟುಗುಳ್ಳ ಬದನೆಗೂ ಹೀಗೇ ಹಿಂದೆ ಹೋಗಿ. ಕಟಪಾಡಿ ಪಕ್ಕದ ಮಟ್ಟುವಿನಲ್ಲಿ ಭತ್ತದ ಕೊಯ್ಲು ಮುಗಿದ ಗದ್ದೆಗಳಲ್ಲಿ ಅದನ್ನು ಬೆಳೆಯುತ್ತಾರೆ. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಸೋದೆ ಮಠದ ಯತಿ ವಾದಿರಾಜರು ಬೀಜ ಕೊಟ್ಟರೆಂಬ ನಂಬಿಕೆ ಊರಿನದು. ಎರಡು ತಿಂಗಳಿಗೊಮ್ಮೆ ಬದಲಾಗುತ್ತಿದ್ದ ಪೂಜಾ ಸರದಿಯನ್ನು ಎರಡು ವರ್ಷಕ್ಕೆ ಏರಿಸಿದವರೂ ಅವರೇ. ಎಂಟು ಮಠಗಳ ಸರದಿ ಒಂದು ಸುತ್ತು ಬರಲು 16 ವರ್ಷ ಬೇಕು. 2024ರಲ್ಲಿ ಪುತ್ತಿಗೆ, 2026ರಲ್ಲಿ ಶೀರೂರು, 2028ಕ್ಕೆ ಸೋದೆ. ಸೋದೆಯವರ ಬಾಳೆ ಮುಹೂರ್ತದಿಂದ ಶುರು ಮಾಡಿ ವರ್ಷವಿಡೀ ಹಿಂಬಾಲಿಸುವವರು ಯಾರಾದರೂ ಸಿಗಲಿ ಎಂದು ನನಗೆ ನಿಜಕ್ಕೂ ಆಸೆ ಉಂಟು.

ಪತ್ತನಾಜೆ ಗೊತ್ತಿಲ್ಲದೆ ತುಳುನಾಡಿನ ಪ್ರವಾಸ ಬರಹ ಬರೆಯಬಾರದು. ಮೇ ತಿಂಗಳ 24ರ ಆಸುಪಾಸಿಗೆ ಬರುವ ಈ ದಿನದ ನಂತರ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ದೈವಗಳ ಕೋಲ, ನೇಮ, ಊರ ಜಾತ್ರೆಗಳು ನಿಲ್ಲುತ್ತವೆ. ಮತ್ತೆ ತಿರುಗಾಟ ಶುರುವಾಗುವುದು ದೀಪಾವಳಿ ಕಳೆದ ಮೇಲೆ. ಕಂಬಳವೂ ನವೆಂಬರಿನಿಂದ ಮಾರ್ಚ್ ಆಸುಪಾಸಿನವರೆಗೆ. ಕಟೀಲು, ಮಂದಾರ್ತಿಯಂಥ ಮೇಳಗಳ ಆಟ ಹೆಚ್ಚಾಗಿ ಹರಕೆಯವು, ಟಿಕೆಟ್ ಇಲ್ಲ, ಗದ್ದೆಯಲ್ಲಿ ಹಾಕಿದ ಕುರ್ಚಿಯಲ್ಲಿ ಯಾರು ಬೇಕಾದರೂ ಕೂತು ನೋಡಬಹುದು. ಇಷ್ಟು ಮಾಹಿತಿ ಕೊಟ್ಟರೆ ಹೊರಗಿನವರಿಗೆ ಒಂದು ರಾತ್ರಿಯ ಅನುಭವ ತೆರೆದುಕೊಳ್ಳುತ್ತದೆ. ಜೂನ್‌ನಲ್ಲಿ ಬಂದವರಿಗೆ ಮನೆಮನೆಗೆ ಬರುವ ಚಿಕ್ಕಮೇಳ ಉಂಟು ಎಂದೂ ಹೇಳಿ.

ಕೋಲದ ವಿಷಯದಲ್ಲಿ ನಾನು ಕಟ್ಟುನಿಟ್ಟು. ಅದು ಪ್ರದರ್ಶನವಲ್ಲ, ಒಂದು ಕುಟುಂಬದ, ಒಂದು ಗ್ರಾಮದ ಆರಾಧನೆ. ಪಂಬದ, ಪರವ, ನಲಿಕೆ ಸಮುದಾಯದವರು ತಲೆತಲಾಂತರದಿಂದ ನಿಷ್ಠೆಯಿಂದ ನಡೆಸಿಕೊಂಡು ಬಂದ ಸೇವೆ. ಎಷ್ಟೋ ಕಡೆ ಚಿತ್ರೀಕರಣ ಬೇಡ ಎಂದು ಬೋರ್ಡ್ ಹಾಕಿದ್ದಾರೆ. ಬೋರ್ಡ್ ಇಲ್ಲದ ಕಡೆಯೂ ಸ್ಥಾನದ ಹಿರಿಯರನ್ನು ಕೇಳಿ. ಬೇಡ ಅಂದರೆ ಬೇಡ; ಫೋನನ್ನು ಕಿಸೆಯಲ್ಲಿಟ್ಟು ನೋಡಿ, ಬಂದು ಬರೆಯಿರಿ. ದೈವದ ದೃಶ್ಯಕ್ಕೆ ಸಿನಿಮಾ ಹಿನ್ನೆಲೆ ಸಂಗೀತ ಅಂಟಿಸಿದ್ದು ನನ್ನ ಬಳಿಗೆ ಬಂದರೆ ನಾನು ಕೈ ಹಾಕುವುದಿಲ್ಲ.

ಬೆಳಕು ಮತ್ತು ನೀರಿನ ಲೆಕ್ಕ ಕಲಿಯುವುದು ಸುಲಭ. ಇಲ್ಲಿ ಸೂರ್ಯ ಕಡಲಿಗೆ ಇಳಿಯುತ್ತಾನೆ, ಅದಕ್ಕೇ ಎಲ್ಲರ ಬೀಚ್ ವಿಡಿಯೊವೂ ಸಂಜೆಯದು. ಜುಲೈಯಲ್ಲಿ ಏಳು ಗಂಟೆ ಆಸುಪಾಸಿಗೆ ಆಗುವ ಸೂರ್ಯಾಸ್ತ ನವೆಂಬರಿನಲ್ಲಿ ಆರಕ್ಕೇ ಆಗಿಬಿಡುತ್ತದೆ. ಒಂದು ಗಂಟೆಯ ಈ ವ್ಯತ್ಯಾಸ ಹೇಳದ ಕಾರಣಕ್ಕೆ ಮರವಂತೆಯವರೆಗೆ ಹೋಗಿ ಕತ್ತಲು ನೋಡಿ ಬಂದವರಿದ್ದಾರೆ. ಬೆಳಿಗ್ಗೆ ಹೋದರೆ ಬೆಳಕು ಬೆನ್ನ ಹಿಂದಿನಿಂದ ಬೀಳುತ್ತದೆ. ಕಡಲಿನ ನಿಜವಾದ ಬಣ್ಣ, ಕೈರಂಪಣಿ ಬಲೆ ಎಳೆಯುವವರ ಮುಖ ಎರಡೂ ಚೆನ್ನಾಗಿ ಕಾಣುವುದು ಆಗ. ಉಬ್ಬರ ಇಳಿತಗಳ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಕೋಡಿ ಬೆಂಗ್ರೆಯ ಅಳಿವೆಯಲ್ಲಿ ಇಳಿತದ ಹೊತ್ತಿಗೆ ನೀರಿಗಿಳಿದು ಮರ್ವಾಯಿ (ಚಿಪ್ಪುಮೀನು) ಹೆಕ್ಕುವವರನ್ನು ನೀವು ತೋರಿಸಿದ ಗಂಟೆಗೇ ಮರುವಾರ ಹೋದವರಿಗೆ ಬರೀ ನೀರು ಕಾಣುತ್ತದೆ. 'ಇಳಿತದ ಹೊತ್ತು ನೋಡಿಕೊಂಡು ಬನ್ನಿ' ಎಂಬ ನಾಲ್ಕು ಪದ ಕ್ಯಾಪ್ಶನ್ನಿನಲ್ಲಿ ಇರಲಿ.

ಸೇಂಟ್ ಮೇರೀಸ್ ದ್ವೀಪದ ಕಲ್ಲುಗಳ ಬಗ್ಗೆಯೂ ಒಂದು ಮಾತು. ವಾಸ್ಕೋ ಡ ಗಾಮ 1498ರಲ್ಲಿ ಅಲ್ಲಿ ಇಳಿದು ಹೆಸರಿಟ್ಟ ಎನ್ನುವುದು ಐತಿಹ್ಯ, ಐತಿಹ್ಯ ಎಂದೇ ಹೇಳಿ. ನನಗಂತೂ ಅದಕ್ಕಿಂತ ದೊಡ್ಡ ಕಥೆ ಆ ಕಲ್ಲುಗಳದ್ದೇ. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರ್ಪಟ್ಟ ಕಾಲದ ಲಾವಾ ಅದು. ಆರುತ್ತಾ ಕುಗ್ಗಿದಾಗ ಬಿರುಕುಬಿಟ್ಟು ಬಹುಭುಜದ ಕಂಬಗಳಾದವು. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಘೋಷಣೆಯಾದ ಜಾಗ, ಒಂದು ಚೂರನ್ನೂ ಎತ್ತಿಕೊಂಡು ಬರಬಾರದು ಎಂದು ವಿಡಿಯೊದಲ್ಲೇ ಹೇಳಿ.

ದಾರಿ ಹೇಳುವಾಗ ಹೊಸಬರ ಕಿವಿಯಿಂದ ಕೇಳಿಸಿಕೊಳ್ಳಿ. ಮಂಗಳೂರಿನಲ್ಲಿ 'ಸ್ಟೇಟ್‌ಬ್ಯಾಂಕ್‌ನಲ್ಲಿ ಬಸ್ ಹತ್ತಿ' ಎಂದರೆ ನಮಗೆ ಬಸ್‌ಸ್ಟ್ಯಾಂಡ್, ಹೊಸಬರು ಬ್ಯಾಂಕಿನ ಮುಂದೆ ನಿಲ್ಲುತ್ತಾರೆ. ಉಡುಪಿಯ ರೈಲು ನಿಲ್ದಾಣ ಇರುವುದು ಇಂದ್ರಾಳಿಯಲ್ಲಿ, ಪೇಟೆಯಲ್ಲಲ್ಲ.

ಡ್ರೋನ್ ಹಾರಿಸುವವರು 2021ರ ಡ್ರೋನ್ ನಿಯಮಗಳನ್ನು ಓದಿಕೊಳ್ಳಿ. ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಕೆಂಪು, ಹಳದಿ, ಹಸಿರು ವಲಯ ನೋಡದೆ ಎತ್ತಲೇಬೇಡಿ. ವಿಮಾನ ನಿಲ್ದಾಣ, ಬಂದರು ಎರಡೂ ಇರುವ ಮಂಗಳೂರಿನಲ್ಲಿ ಇದು ಇನ್ನೂ ಮುಖ್ಯ. ಹೋಟೆಲಿನವರು ಪರಿಚಯದವರು, ಊಟದ ಬಿಲ್ ತೆಗೆದುಕೊಳ್ಳಲಿಲ್ಲ ಎಂದಾದರೆ ಅದನ್ನೂ ಹೇಳಬೇಕು. ಹಣ ಪಡೆದು ಮಾಡಿದ್ದರೆ 'ಜಾಹೀರಾತು' ಎಂದು ಕಾಣುವಂತೆ ಬರೆಯಿರಿ.

ಕೊನೆಯದಾಗಿ ಲೊಕೇಶನ್ ವಿಷಯ. ಬೀಚು, ದೇವಸ್ಥಾನ, ಬಂದರುಗಳಿಗೆ ಪಿನ್ ಹಾಕಲು ಯೋಚಿಸಬೇಕಾಗಿಲ್ಲ. ಅಲ್ಲಿ ಪಾರ್ಕಿಂಗ್, ಶೌಚಾಲಯ, ಜೀವರಕ್ಷಕರು ಎಂದು ಏನಾದರೊಂದು ವ್ಯವಸ್ಥೆ ಇರುತ್ತದೆ. ಸ್ವರ್ಣಾ ನದಿಯ ಕುದ್ರುಗಳು (ನದಿ ನಡುವಿನ ಸಣ್ಣ ದ್ವೀಪಗಳು) ಹಾಗಲ್ಲ. ಅಲ್ಲಿ ಮನೆಗಳಿವೆ, ಅಂಗಳಗಳಿವೆ, ಹೋಗಿ ಬರಲು ದೋಣಿಯೋ ಒಂದು ಸಣ್ಣ ಸೇತುವೆಯೋ ಇರುತ್ತದೆ. ಭಾನುವಾರ ಇಪ್ಪತ್ತು ಕಾರು ಬಂದರೆ ನಿಲ್ಲಿಸುವುದು ಯಾರದೋ ಮನೆಯ ಬಾಗಿಲಲ್ಲಿ. ಅಲ್ಲಿ ಶೂಟ್ ಮಾಡಿದ ಮೇಲೆ ಆ ಮನೆಯವರಿಗೆ ವಿಡಿಯೊ ತೋರಿಸಿ, ಹೆಸರು ಹಾಕಬಹುದಾ ಎಂದು ಕೇಳಿ. ಅವರು ಹಿಂಜರಿದರೆ 'ಸ್ವರ್ಣೆಯ ಒಂದು ಕುದ್ರು' ಎಂದಷ್ಟೇ ಬರೆದು ಪಿನ್ ಬಿಟ್ಟುಬಿಡಿ.