ವೈಜ್ಞಾನಿಕ ಕಥಾ ಧಾರಾವಾಹಿಗಳು ಮತ್ತು ಅವುಗಳ ಮೇಲಿನ ಪೂರ್ವಗ್ರಹ: ಅಧ್ಯಯನ ಟಿಪ್ಪಣಿ

ಪುಣೆಯ ನಮ್ಮ ಕನ್ನಡ ಅಧ್ಯಯನ ಬಳಗದಲ್ಲಿ ಕಿರುತೆರೆಯ ಪಾಠಕ್ಕೆ ಬಂದಾಗಲೆಲ್ಲ, ವೈಜ್ಞಾನಿಕ ಕಥೆಗಳ ಧಾರಾವಾಹಿಗಳು ಮಕ್ಕಳಿಗೆ ಮೀಸಲು, ಅವುಗಳಿಗೆ ಸಮಾಜದ ಕಷ್ಟಸುಖದ ಗೊಡವೆಯಿಲ್ಲ ಎಂಬ ಮಾತು ಕೇಳಿಬರುತ್ತದೆ. ಈ ಪ್ರಕಾರದ ಚರಿತ್ರೆಯನ್ನು ಓದಿದವರಿಗೆ ಈ ಮಾತನ್ನು ಒಪ್ಪುವುದು ಕಷ್ಟ.

ಅಮೆರಿಕದ ಬರಹಗಾರ ರಾಡ್ ಸರ್ಲಿಂಗ್ ಅವರ ಉದಾಹರಣೆಯನ್ನು ಎಲ್ಲರೂ ಗಮನವಿಟ್ಟು ಓದಬೇಕು. 1955ರಲ್ಲಿ ಮಿಸಿಸಿಪಿಯಲ್ಲಿ 14 ವರ್ಷದ ಕಪ್ಪು ಬಾಲಕ ಎಮೆಟ್ ಟಿಲ್‌ನ ಕೊಲೆಯಾಯಿತು. ಬಿಳಿಯರೇ ತುಂಬಿದ್ದ ಜ್ಯೂರಿ ಆರೋಪಿಗಳನ್ನು ನಿರ್ದೋಷಿಗಳೆಂದು ಬಿಟ್ಟುಬಿಟ್ಟಿತು. ಆ ಘಟನೆಯಿಂದ ಪ್ರೇರಣೆ ಪಡೆದು ಸರ್ಲಿಂಗ್ ಬರೆದ ಟಿ.ವಿ. ನಾಟಕ 1956ರಲ್ಲಿ ಪ್ರಸಾರವಾಗುವ ಹೊತ್ತಿಗೆ, ಪ್ರಾಯೋಜಕರ ಒತ್ತಡದಿಂದಾಗಿ ಕಥೆಯ ಊರು ಅಮೆರಿಕದ ದಕ್ಷಿಣ ಭಾಗದಿಂದ ಈಶಾನ್ಯದ ನ್ಯೂ ಇಂಗ್ಲೆಂಡಿಗೆ ಸರಿದಿತ್ತು, ಕೊಲೆಯಾದವನು ಯಾರೋ ಒಬ್ಬ ವಿದೇಶಿಯನಾಗಿದ್ದ. 1959ರಲ್ಲಿ ಅವರು ಆರಂಭಿಸಿದ ‘ದಿ ಟ್ವೈಲೈಟ್ ಝೋನ್’ ಸರಣಿಯನ್ನು ಈ ಹಿನ್ನೆಲೆಯಲ್ಲೇ ನೋಡಬೇಕು: ನೇರವಾಗಿ ಹೇಳಲು ಬಿಡದ ಮಾತನ್ನು ಅವರು ಅಲ್ಲಿ ಕಲ್ಪನೆಯ ಕಥೆಗಳ ಮೂಲಕ ಹೇಳಿದರು. ಅದರ 1960ರ ಒಂದು ಕಂತಿನಲ್ಲಿ ಮೇಪಲ್ ಬೀದಿಯ ವಿದ್ಯುತ್ತು ಹಠಾತ್ತಾಗಿ ಹೋಗುತ್ತದೆ. ಅನ್ಯಗ್ರಹದವರು ಮನುಷ್ಯರ ವೇಷದಲ್ಲಿ ನಮ್ಮ ನಡುವೆಯೇ ಇರಬಹುದೆಂದು ಹುಡುಗನೊಬ್ಬ ಹೇಳಿದ್ದೇ ತಡ, ವರ್ಷಗಳಿಂದ ಒಟ್ಟಿಗೆ ಬಾಳಿದ ನೆರೆಹೊರೆಯವರು ಒಬ್ಬರನ್ನೊಬ್ಬರು ಶಂಕಿಸತೊಡಗುತ್ತಾರೆ, ಕತ್ತಲಲ್ಲಿ ನಡೆದುಬರುತ್ತಿದ್ದ ತಮ್ಮದೇ ಬೀದಿಯವನನ್ನು ಗುಂಡಿಟ್ಟು ಕೊಲ್ಲುತ್ತಾರೆ. ಕಥೆಯಲ್ಲಿ ಅನ್ಯಗ್ರಹದವರು ನಿಜವಾಗಿಯೂ ಇದ್ದಾರೆ, ಆದರೆ ಅವರು ವಿದ್ಯುತ್ತಿನೊಡನೆ ಆಟವಾಡುತ್ತ ದೂರದಲ್ಲಿ ನಿಂತು ನೋಡುತ್ತಾರಷ್ಟೆ. ಜನರನ್ನು ಜನರೇ ಬೇಟೆಯಾಡುವ ಬಗೆಯನ್ನು ಇಷ್ಟು ನಿಷ್ಠುರವಾಗಿ ತೋರಿಸಿದ ಕಂತನ್ನು ಮಕ್ಕಳಾಟವೆನ್ನುವುದು ಅನ್ಯಾಯವೆಂದೇ ನನ್ನ ನಂಬಿಕೆ.

ಈ ಪ್ರಕಾರ ಬಿಳಿಯ ಗಂಡಸರ ಲೋಕ ಎಂಬ ಆರೋಪಕ್ಕೆ ಉತ್ತರ ಚಿಕ್ಕದು. 1963ರಲ್ಲಿ ಬಿಬಿಸಿಯಲ್ಲಿ ಆರಂಭವಾದ ‘ಡಾಕ್ಟರ್ ಹೂ’ವಿನ ಮೊದಲ ನಿರ್ಮಾಪಕಿ ವೆರಿಟಿ ಲ್ಯಾಂಬರ್ಟ್, ಮೊದಲ ಕಥೆಯ ನಿರ್ದೇಶಕರು ಲಖನೌದಲ್ಲಿ ಹುಟ್ಟಿದ ವಾರಿಸ್ ಹುಸೇನ್. 1966ರ ‘ಸ್ಟಾರ್ ಟ್ರೆಕ್’ನಲ್ಲಿ ಕಪ್ಪು ನಟಿ ನಿಶೆಲ್ ನಿಕೋಲ್ಸ್ ನಿರ್ವಹಿಸಿದ, ಬಾಹ್ಯಾಕಾಶ ನೌಕೆಯ ಅಧಿಕಾರಿ ಉಹುರಾಳ ಪಾತ್ರ ತಮಗೆ ಸ್ಫೂರ್ತಿಯಾಯಿತೆಂದು, 1992ರಲ್ಲಿ ಬಾಹ್ಯಾಕಾಶಕ್ಕೆ ಹೋದ ಮೊದಲ ಕಪ್ಪು ಮಹಿಳೆ ಮೇ ಜೆಮಿಸನ್ ಹೇಳಿದ್ದಾರೆ.

ಅಗ್ಗದ ಸೆಟ್ಟುಗಳು, ಅರೆಬೆಂದ ಕಥೆಗಳು ಈ ಪ್ರಕಾರದಲ್ಲಿ ಧಾರಾಳವಾಗಿವೆ, ನಿಜ. ಆದರೆ ಸಾಂಸಾರಿಕ ಧಾರಾವಾಹಿಗಳಲ್ಲಿ ಕಳಪೆಯವು ಎಷ್ಟೇ ಇದ್ದರೂ ಸಂಸಾರವೆಂಬ ವಸ್ತುವನ್ನೇ ಯಾರೂ ಹಗುರವೆನ್ನುವುದಿಲ್ಲ. ಅದೇ ನ್ಯಾಯ ಇಲ್ಲಿಗೂ ಸಲ್ಲಬೇಕು.

ಗಂಭೀರ ವಿದ್ವಾಂಸರು ಇದರತ್ತ ತಲೆಹಾಕುವುದಿಲ್ಲ ಎನ್ನುವವರಿಗೆ ನಮ್ಮ ಊರಿನಲ್ಲೇ ಉತ್ತರವಿದೆ. ಪುಣೆಯ ಖಗೋಳ ಸಂಶೋಧನಾ ಸಂಸ್ಥೆ ಐಯೂಕಾದ ಸಂಸ್ಥಾಪಕ ನಿರ್ದೇಶಕರಾಗಿದ್ದ ಖಗೋಳ ವಿಜ್ಞಾನಿ ಜಯಂತ ನಾರಳೀಕರ್ ಮರಾಠಿಯಲ್ಲಿ ವೈಜ್ಞಾನಿಕ ಕಥೆಗಳನ್ನು ಬರೆದರು. ಮುಂಬೈಯ ಮರಾಠಿ ವಿಜ್ಞಾನ ಪರಿಷತ್ತಿನ ಸ್ಪರ್ಧೆಗೆ ಅವರು ತಮ್ಮ ಹೆಸರನ್ನು ಮರೆಮಾಚಿ ಕಥೆ ಕಳುಹಿಸಿದ್ದರು, ಅದಕ್ಕೆ ಬಹುಮಾನವೂ ಬಂತು. ಮುದ್ರಿತ ಕಥೆಗೆ ಸಿಕ್ಕ ಈ ಮನ್ನಣೆ 1998ರಲ್ಲಿ ದೂರದರ್ಶನದಲ್ಲಿ ಬಂದ ‘ಕ್ಯಾಪ್ಟನ್ ವ್ಯೋಮ್’ನಂಥ ಧಾರಾವಾಹಿಗಳಿಗೆ ಏಕೆ ಸಿಗಲಿಲ್ಲ ಎಂಬ ಪ್ರಶ್ನೆಯನ್ನು ಈ ಪಾಠದ ಮೇಲೆ ಉತ್ತರ ಬರೆಯುವವರು ತಪ್ಪದೆ ಎತ್ತಿಕೊಳ್ಳಬೇಕು, ಪೂರ್ವಗ್ರಹ ಕಥಾವಸ್ತುವಿನ ಮೇಲಿನದೋ, ಕಿರುತೆರೆಯ ಮೇಲಿನದೋ ಎಂಬುದನ್ನು ಅಲ್ಲಿಯೇ ಬೇರ್ಪಡಿಸಿ ನೋಡಲು ಸಾಧ್ಯ.